ಟನ್ ಲೆಕ್ಕ, ಎಕರೆ ಲೆಕ್ಕ

ತಿಂಗಳ ಕೊನೆ ಬಂತು ಅಂದ್ರೆ ನನ್ನ ಕೈ ಈಗಲೂ ತಾನಾಗೇ ಇನ್‌ವಾಯ್ಸ್ ಫೋಲ್ಡರ್ ಕಡೆ ಹೋಗುತ್ತೆ. ಏಳು ವರ್ಷ ಫ್ರೀಲ್ಯಾನ್ಸ್ ಆಗಿ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೋನು ಕಂಪನಿ ಕೆಲಸಕ್ಕೆ ಸೇರಿ ಹತ್ತು ತಿಂಗಳಾಯ್ತು, ಈಗ ಯಾರಿಗೂ ಬಿಲ್ ಕಳಿಸೋದಿಲ್ಲ, ಸಂಬಳ ಅದರ ಪಾಡಿಗೆ ಅದು ಬಂದು ಬೀಳುತ್ತೆ, ಆದ್ರೂ 27-28ನೇ ತಾರೀಕಿನ ಹೊತ್ತಿಗೆ ಒಳಗೊಳಗೇ ಏನೋ ಕಸಿವಿಸಿ, ಯಾರೋ ದುಡ್ಡು ಕೊಡ್ಬೇಕು ನಾನಿನ್ನೂ ಕೇಳಿಲ್ಲ ಅನ್ನೋ ಥರ. ಮೊದಲನೇ ಸಂಬಳದ ಎಸ್ಸೆಮ್ಮೆಸ್ ಬಂದಾಗ ನಾನು ಕುವೆಂಪುನಗರದ ತರಕಾರಿ ಅಂಗಡಿ ಮುಂದೆ ಈರನಗೆರೆ ಬದನೆಕಾಯಿ ಆರಿಸ್ತಾ ನಿಂತಿದ್ದೆ. ಫೋನ್ ನೋಡಿದೆ, ಜೇಬಿಗೆ ಹಾಕ್ಕೊಂಡೆ, ಮತ್ತೆ ತೆಗೆದು ನೋಡಿದೆ. ನಿಜ ಹೇಳ್ಬೇಕು ಅಂದ್ರೆ ಖುಷಿಗಿಂತ ಮುಂಚೆ ಬಂದಿದ್ದು ಗಾಬರಿ, ನಾನು ಕೇಳೇ ಇಲ್ವಲ್ಲ, ಯಾಕೆ ಕೊಟ್ರು ಅಂತ. ಏಳು ವರ್ಷ ಬರೀ 'ಜಂಟಲ್ ರಿಮೈಂಡರ್' ಅಂತ ಮೇಲ್ ಬರೆದವನಿಗೆ ಹಂಗೇ ಆಗೋದು. (ಅದ್ರಲ್ಲಿ ಜಂಟಲ್ ಅನ್ನೋದೇನೂ ಇರಲ್ಲ. ಹಲ್ಲು ಕಚ್ಚಿಕೊಂಡು ಬರೆಯೋ ಮೇಲ್ ಅದು, ಕೊನೇಲಿ ಒಂದು 'ಥ್ಯಾಂಕ್ಸ್' ಬೇರೆ.)

ಫ್ರೆಂಡ್ಸ್ ಎಲ್ಲ ಕೇಳೋದು ಒಂದೇ ಪ್ರಶ್ನೆ. ಹೆಂಗಿದೆ, ಅಡ್ಜಸ್ಟ್ ಆಯ್ತಾ, ಫ್ರೀಡಂ ಹೋಯ್ತು ಅನಿಸಲ್ವಾ. ನಾನೂ ಮೊದಮೊದಲು ಅದೇ ಧಾಟೀಲಿ ಉತ್ತರ ಕೊಡ್ತಿದ್ದೆ, ಹೌದಪ್ಪ ಬೆಳಗಿನ ಕುಕ್ಕರಹಳ್ಳಿ ಕೆರೆ ವಾಕ್ ಹೋಯ್ತು, ಆದ್ರೆ ತಿಂಗಳು ತಿಂಗಳು ಸಂಬಳ ಬರುತ್ತಲ್ಲ ಅಂತ. ಈಗ ಹಂಗೆ ಹೇಳಕ್ಕೆ ಬಾಯಿ ಬರ್ತಿಲ್ಲ. ಸ್ವಾತಂತ್ರ್ಯ ಒಂದು ಕಡೆ, ಭದ್ರತೆ ಒಂದು ಕಡೆ ಇಟ್ಟು ತೂಗಿದ್ದೇ ತಪ್ಪಾಯ್ತೇನೋ ಅನ್ನೋ ಹಾಗೆ ಫೆಬ್ರವರಿಯಲ್ಲಿ ಒಂದು ಘಟನೆ ಆಯ್ತು. ಅದನ್ನ ಹೇಳೋಕೆ ಮುಂಚೆ ದುಡ್ಡಿನ ಲೆಕ್ಕ ಹೇಳಿ ಮುಗಿಸ್ತೀನಿ, ಯಾಕಂದ್ರೆ ಈ ಥರದ ಬರಹ ಓದೋರು ಮೊದಲು ಹುಡುಕೋದು ಅದನ್ನೇ, ನಾನೂ ಅದನ್ನೇ ಹುಡುಕ್ತಿದ್ದೆ.

ಎಕ್ಸೆಲ್ ಹಾಳೆ ಏನು ಹೇಳ್ತು

ನನ್ನ ರೇಟು ಗಂಟೆಗೆ 1200 ರೂಪಾಯಿ. ಬೆಂಗಳೂರಿನವರಿಗೆ ಇದು ಕಡಿಮೆ, ಮೈಸೂರಿನವರಿಗೆ ಜಾಸ್ತಿ, ನಾನು ಮಧ್ಯದಲ್ಲಿ ಎಲ್ಲೋ ಮದ್ದೂರಿನ ಹತ್ರ ಇದ್ದೆ ಅನ್ಕೊಳ್ಳಿ. ಆಫರ್ ಬಂದಾಗ ಕೂತು ಹಿಂದಿನ ವರ್ಷದ್ದೆಲ್ಲ ತೆಗೆದು ನೋಡಿದೆ. ವರ್ಷಕ್ಕೆ ಶನಿವಾರ ಭಾನುವಾರ ಕಳೆದ್ರೆ 261 ದಿನ. ಅದ್ರಲ್ಲಿ ನಾನು ಬಿಲ್ ಮಾಡಿದ್ದು 168 ದಿನ. ಉಳಿದ 93 ದಿನ ಏನು ಮಾಡ್ತಿದ್ದೆ? ಕ್ಲೈಂಟ್ ಕಾಲ್, ಕೊಟೇಶನ್, 'ಸ್ಯಾಂಪಲ್‌ಗೆ ಒಂದು ಸ್ಕ್ರೀನ್ ಮಾಡಿ ತೋರ್ಸಿ ಸಾರ್' ಅಂದವರಿಗೆ ಸ್ಯಾಂಪಲ್, ಜ್ವರ, ದಸರಾಗೆ ಬಂದ ನೆಂಟ್ರು, ಹಿಂದಿನ ದುಡ್ಡಿಗೆ ಫಾಲೋಅಪ್. 168 ದಿನಕ್ಕೆ ದಿನಕ್ಕೆ 8 ಗಂಟೆಯಂತೆ 16 ಲಕ್ಷದ 12 ಸಾವಿರ ಚಿಲ್ಲರೆ. 20 ಲಕ್ಷದ ಒಳಗಿದ್ದಿದ್ರಿಂದ ಜಿಎಸ್‌ಟಿ ರಿಜಿಸ್ಟ್ರೇಶನ್ ತಲೆನೋವು ಇರಲಿಲ್ಲ. ಕ್ಲೈಂಟ್‌ಗಳು 10 ಪರ್ಸೆಂಟ್ ಟಿಡಿಎಸ್, ಅಂದ್ರೆ ಮೊದಲೇ ಮುರಿದುಕೊಳ್ಳೋ ತೆರಿಗೆ, ಹಿಡ್ಕೊಂಡು ಕೊಡೋರು. ನಾನು ಸಣ್ಣ ಪ್ರೊಫೆಷನಲ್‌ಗಳಿಗೆ ಅಂತ ಇದ್ದ ಇನ್‌ಕಂ ಟ್ಯಾಕ್ಸ್‌ನ 44ಎಡಿಎ ಸೆಕ್ಷನ್ ಕೆಳಗೆ ಅರ್ಧವನ್ನ ಆದಾಯ ಅಂತ ತೋರಿಸ್ತಿದ್ದೆ, ಅಂದ್ರೆ 8 ಲಕ್ಷದ 6 ಸಾವಿರ. ಈಗಿನ ಹೊಸ ರೆಜಿಮ್‌ನಲ್ಲಿ 12 ಲಕ್ಷದವರೆಗೆ ರಿಬೇಟ್ ಇರೋದ್ರಿಂದ ಇದೇ ಲೆಕ್ಕ ಮುಂದುವರಿದಿದ್ರೆ ಟ್ಯಾಕ್ಸ್ ಸೊನ್ನೆ, ಹಿಡಿದಿದ್ದೆಲ್ಲ ರೀಫಂಡ್.

ಆಫರ್ ಬಂದಿದ್ದು 15 ಲಕ್ಷ ಸಿಟಿಸಿ. ಸಿಟಿಸಿ, ಅಂದ್ರೆ ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು, ಅನ್ನೋದು ಹೆಸರಿಗೆ ಮಾತ್ರ ನಮ್ಮದು. ಅದ್ರೊಳಗೇ ಕಂಪನಿ ಕಟ್ಟೋ ಪಿಎಫ್ ಇದೆ, ಬೇಸಿಕ್‌ನ 12 ಪರ್ಸೆಂಟು, ಅದ್ರೊಳಗೇ ಗ್ರಾಚ್ಯುಯಿಟಿ ಅಂತ ಬೇಸಿಕ್‌ನ 4.81 ಪರ್ಸೆಂಟು ಇದೆ, ಅದು ಕೈಗೆ ಸಿಗಬೇಕು ಅಂದ್ರೆ 5 ವರ್ಷ ಇರ್ಬೇಕು. ನನ್ನ ಪಾಲಿನ ಪಿಎಫ್, ಪ್ರೊಫೆಷನಲ್ ಟ್ಯಾಕ್ಸು, ಇನ್‌ಕಂ ಟ್ಯಾಕ್ಸು ಎಲ್ಲ ಕಳೆದು ಕೈಗೆ ಬರೋದು ತಿಂಗಳಿಗೆ ಹತ್ರ ಹತ್ರ ಒಂದು ಲಕ್ಷ. ಪೇಪರ್ ಮೇಲೆ ನೋಡಿದ್ರೆ ಬಿಟ್ಟಿದ್ದೇ ದಡ್ಡತನ. ಪೇಪರ್‌ನಲ್ಲಿ ಇಲ್ಲದ್ದು ಅಂದ್ರೆ ಒಬ್ಬರ ಹತ್ರ 1 ಲಕ್ಷದ 40 ಸಾವಿರ ಸಿಕ್ಕಾಕ್ಕೊಂಡಿತ್ತು, ಅದು ಬರಲ್ಲ ಅಂತ ನನಗೂ ಗೊತ್ತಿತ್ತು ಅವರಿಗೂ ಗೊತ್ತಿತ್ತು, ಆದ್ರೂ ಯುಗಾದಿಗೆ ದೀಪಾವಳಿಗೆ ಇಬ್ಬರೂ ಶುಭಾಶಯ ಕಳಿಸ್ಕೊಳ್ತಿದ್ವಿ.

ಮತ್ತೆ ಸೇರಿದ್ದು ಯಾಕೆ ಅಂದ್ರೆ, ಸೈಟು. ಬೋಗಾದಿ ಆಚೆ ಒಂದು ಸೈಟ್ ನೋಡಿದ್ವಿ, ಲೋನ್ ಕೇಳಕ್ಕೆ ಬ್ಯಾಂಕಿಗೆ ಹೋದೆ. ಮೂರು ವರ್ಷದ ಐಟಿಆರ್ (ಇನ್‌ಕಂ ಟ್ಯಾಕ್ಸ್ ರಿಟರ್ನ್) ತಿರುವಿ ಹಾಕಿ ಮೇಡಂ ಹೇಳಿದ್ರು, ನಿಮ್ಮ ಆದಾಯ 8 ಲಕ್ಷ ಅಲ್ವಾ ಸಾರ್. ಅಲ್ಲ ಮೇಡಂ, ಬಂದಿರೋದು 16, ತೋರಿಸಿರೋದು 8 ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದ್ರು. ತೆರಿಗೆಯವರಿಗೆ ಒಂದು ಮುಖ ಬ್ಯಾಂಕಿನವರಿಗೆ ಒಂದು ಮುಖ ತೋರಿಸಕ್ಕಾಗಲ್ಲ, ನ್ಯಾಯವೇ ಅದು. ಅವತ್ತು ಮನೆಗೆ ಬಂದು ನನ್ನ ಹೆಂಡ್ತಿಗೆ ಹೇಳಿದೆ, ಆಫರ್ ಕೊಟ್ಟಿದ್ದ ಮೈಸೂರಿನ ಹೆಬ್ಬಾಳದ ಕಂಪನಿಯವರಿಗೆ ಹೂಂ ಅಂತೀನಿ ಅಂತ. ಅವಳು 'ಸೈಟಿಗೋಸ್ಕರ ಮಾತ್ರ ಹೋಗೋದಾದ್ರೆ ಬೇಡ' ಅಂದ್ಲು. ಸೈಟಿಗೋಸ್ಕರಾನೇ ಹೋದೆ. ದೊಡ್ಡ ತತ್ವ ಏನೂ ಇರ್ಲಿಲ್ಲ.

ರಿಲೀವಿಂಗ್ ಲೆಟರ್ ಎಲ್ಲಿ?

ಎಚ್‌ಆರ್ ಹುಡುಗಿ ಪಾಪ ಒಳ್ಳೇವಳು, ಆದ್ರೆ ಅವಳ ಹತ್ರ ಒಂದು ಚೆಕ್‌ಲಿಸ್ಟ್ ಇತ್ತು. ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ರಿಪೋರ್ಟಿಂಗ್ ಮ್ಯಾನೇಜರ್ ಫೋನ್ ನಂಬರ್. ನನ್ನ ಹಿಂದಿನ ಕಂಪನಿ ನಾನೇ. ನನ್ನ ಮ್ಯಾನೇಜರ್ ನಾನೇ. ನನ್ನನ್ನ ನಾನೇ ಬಿಡುಗಡೆ ಮಾಡಿದ್ದೀನಿ ಅಂತ ಲೆಟರ್‌ಹೆಡ್ ಮೇಲೆ ಬರೆದುಕೊಡ್ಲಾ ಅಂತ ತಮಾಷೆ ಮಾಡಿದೆ, ಅವಳು ಸೀರಿಯಸ್ಸಾಗಿ 'ಕೇಳಿ ಹೇಳ್ತೀನಿ ಸಾರ್' ಅಂದ್ಲು. ಕೊನೆಗೆ 26ಎಎಸ್ ಫಾರ್ಮ್ ಪ್ರಿಂಟ್ ಹಾಕಿಸಿ ಕೊಟ್ಟೆ, ಅದ್ರಲ್ಲಿ ಟಿಡಿಎಸ್ ಹಿಡಿದ ಎಲ್ಲರ ಹೆಸರೂ ಇರುತ್ತಲ್ಲ. ಆ ಹಾಳೆಗಳನ್ನ ನೋಡ್ತಾ ನನಗೇ ಒಂಥರಾ ಅನಿಸ್ತು. ಏಳು ವರ್ಷದಲ್ಲಿ 31 ಹೆಸರು. ಅದ್ರಲ್ಲಿ ಆರೇಳು ಕಂಪನಿ ಮುಚ್ಚೇ ಹೋಗಿವೆ. ಉಳಿದವರ ಹತ್ರ ನಾನು ಬರೆದಿದ್ದು ಈಗ ಓಡ್ತಿದ್ಯಾ ನಿಂತಿದ್ಯಾ, ಯಾರಾದ್ರೂ ಕಿತ್ತು ಬಿಸಾಕಿದ್ರಾ, ನನಗೆ ಗೊತ್ತಿಲ್ಲ. ಕೇಳಬೇಕು ಅಂತಾನೂ ಯಾವತ್ತೂ ಅನಿಸಿರಲಿಲ್ಲ.



ಊರಲ್ಲಿ ಅವ್ವ ಬೀದಿಗೆಲ್ಲ ಹೇಳ್ಕೊಂಡು ಬಂದ್ಲು, ನಮ್ಮುಡ್ಗಂಗೆ ಪರ್ಮನೆಂಟ್ ಆಯ್ತು ಅಂತ. ಮಂಡ್ಯ ಕಡೆ ಪರ್ಮನೆಂಟ್ ಅಂದ್ರೆ ಗೌರ್ಮೆಂಟು, ಪಿಂಚಣಿ. ಆರು ತಿಂಗಳು ಪ್ರೊಬೇಶನ್ನು, ಆಮೇಲೆ 90 ದಿನದ ನೋಟಿಸ್ ಅಂತ ಬಿಡಿಸಿ ಹೇಳಿದೆ. ನಮ್ಮಪ್ಪ ಕೇಳಿಸ್ಕೊಂಡು 'ಅಂಗಾರೆ ಯಾವಾಗ್ ಬೇಕಾರೂ ತೆಗೀಬೋದಾ?' ಅಂದ. ಹೂಂ ಅಪ್ಪ. 'ಮತ್ಯಾಕ್ಲಾ ಪರ್ಮನೆಂಟ್ ಅಂತರೆ?' ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಬದುವಿನ ಮೇಲೆ

ಹೇಳಬೇಕು ಅಂದ್ಕೊಂಡಿರೋದು ಇಲ್ಲಿಂದ ಶುರು. ಇದು ಫ್ರೀಲ್ಯಾನ್ಸ್ ಮಾಡ್ತಿದ್ದ ಕಾಲದ್ದು, ನಾಲ್ಕೈದು ವರ್ಷದ ಹಿಂದೆ, ದಸರಾ ಮುಗಿದ ಮೇಲೆ. ಊರಿಗೆ ಹೋಗಿದ್ದೆ, ಕಬ್ಬು ಕಟಾವು ನಡೀತಿತ್ತು. ನಮ್ಮದು ವಿಸಿ ನಾಲೆ ಬಯಲು, ಒಂದೂವರೆ ಎಕರೆ ಕಬ್ಬು, ಉಳಿದಿದ್ದು ಭತ್ತ ರಾಗಿ. ಫ್ಯಾಕ್ಟ್ರಿಯಿಂದ ಕಟಾವ್ ಆರ್ಡರ್ ಬರೋದಕ್ಕೇ ಎರಡು ತಿಂಗಳು ಲೇಟಾಗಿತ್ತು, ಕಬ್ಬು ಒಣಗಿ ಸೂಲಂಗಿ (ಹೂವು) ಬರೋ ಹಂತಕ್ಕೆ ಬಂದಿತ್ತು, ತೂಕ ಕಳ್ಕೊಳ್ತಿತ್ತು, ಅಪ್ಪನ ಬಿಪಿ ಏರ್ತಿತ್ತು. ಕಡಿಯೋ ಗುಂಪು ಬಳ್ಳಾರಿ ಕಡೆಯದ್ದು, ನಾಲೆ ಏರಿ ಪಕ್ಕ ಜೋಪಡಿ ಹಾಕ್ಕೊಂಡು ಮಕ್ಕಳು ಮರಿ ಸಮೇತ ಇದ್ರು. ನಾನು ಬೇವಿನ ಮರದ ಕೆಳಗೆ ಬದುವಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಫೋನ್ ಹಾಟ್‌ಸ್ಪಾಟ್‌ನಲ್ಲಿ ಮೇಲ್ ಬರೀತಿದ್ದೆ, ಒಬ್ಬ ಕ್ಲೈಂಟ್‌ಗೆ ಮೂರನೇ ರಿಮೈಂಡರ್.

ಅಪ್ಪ ಟವಲ್‌ನಲ್ಲಿ ಮುಖ ಒರೆಸ್ಕೊಳ್ತಾ ಬಂದು ಪಕ್ಕ ಕೂತ. 'ಯಾರ್ಗ್ಲಾ ಅದು ಅಷ್ಟೊಂದ್ ಗುದ್ತಿದ್ದೀಯೆ?'

'ದುಡ್ ಕೊಡ್ಬೇಕು ಅಪ್ಪ ಒಬ್ರು.'

'ಎಷ್ಟ್ ದಿನ ಆಯ್ತು?'

'72 ದಿನ.'

ಅಪ್ಪ ನಕ್ಕ ನೋಡಿ, ಹಂಗೆ ನಗೋದನ್ನ ನಾನು ನೋಡಿದ್ದೇ ಕಮ್ಮಿ. 'ನಮ್ದು ಓದ್ ವರ್ಷುದ್ದು ಐದ್ ತಿಂಗ್ಳು ಕಣ್ಲಾ' ಅಂದ.

ತಮಾಷೆ ಏನಂದ್ರೆ ಇಬ್ಬರಿಗೂ ಕಾನೂನು ಇದೆ. ಕಬ್ಬು ಸಪ್ಲೈ ಆದ 14 ದಿನದೊಳಗೆ ದುಡ್ಡು ಕೊಡ್ಬೇಕು, ಇಲ್ಲ ಅಂದ್ರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಸೇರಿಸಿ ಕೊಡ್ಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ನನ್ನಂಥ ಸಣ್ಣವರು ಉದ್ಯಮ್ ರಿಜಿಸ್ಟ್ರೇಶನ್ ಮಾಡಿಸ್ಕೊಂಡಿದ್ರೆ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಹೆಚ್ಚು ಅಂದ್ರೆ 45 ದಿನ, ಮೀರಿದ್ರೆ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಅಪ್ಪನೂ ಬಡ್ಡಿ ಕೇಳಿಲ್ಲ, ನಾನೂ ಕೇಳಿಲ್ಲ. ಮುಂದಿನ ವರ್ಷ ಕಬ್ಬು ತಗೊಳ್ಬೇಕಾದವನೂ ಅವನೇ, ಮುಂದಿನ ಪ್ರಾಜೆಕ್ಟ್ ಕೊಡ್ಬೇಕಾದವನೂ ಅವನೇ, ಅಂಥವನ ಹತ್ರ ಯಾವ ಬಾಯಲ್ಲಿ ಬಡ್ಡಿ ಕೇಳೋದು. ಆಲೆಮನೆಗೆ ಹಾಕಿದ್ರೆ ಕೈಗೆ ಬೇಗ ಕಾಸು ಬರುತ್ತೆ, ಆದ್ರೆ ಬೆಲ್ಲದ ರೇಟು ಬೆಳಿಗ್ಗೆ ಒಂದು ಸಂಜೆ ಒಂದು. ನನ್ನ ಆಲೆಮನೆ ಅಂದ್ರೆ ಮೈಸೂರಿನ ಸಣ್ಣಪುಟ್ಟ ಅಂಗಡಿಗಳ ವೆಬ್‌ಸೈಟು, ಮುಗಿಸಿದ ದಿನವೇ ಯುಪಿಐ, ಹತ್ತು ಸಾವಿರ ಹನ್ನೆರಡು ಸಾವಿರ.

ಅವತ್ತು ಹಂಗೆ ಅಪ್ಪ ಮಗ ಇಬ್ಬರೂ ಬಾಕಿದಾರರ ಬಗ್ಗೆ ಮಾತಾಡ್ತಾ ಕೂತಿದ್ದಾಗ ಅಪ್ಪ ಇದ್ದಕ್ಕಿದ್ದಂಗೆ ಎದ್ದ. ಕಡಿದು ಮುಗಿದಿದ್ದ ಸಾಲಿಗೆ ನಡ್ಕೊಂಡು ಹೋಗಿ ತರಗನ್ನ ಕಾಲಲ್ಲಿ ಸರಿಸಿದ. ಕೆಳಗೆ ಒಂದು ಗೇಣು ಎತ್ತರದ ಮೋಟು, ಕಡಿದ ಕಡೆ ಬೆಳ್ಳಗೆ ರಸ ಜಿನುಗ್ತಿತ್ತು. ಮುಂದಿನ ಬುಡ, ಅದೂ ಹಂಗೇ. ಅಪ್ಪ ಅಲ್ಲಿಂದಲೇ ಕೂಗು ಹಾಕಿದ, 'ಏಯ್ ಮೇಸ್ತ್ರಿ, ನೆಲ ಸೇರ್ಸಿ ಕಡೀರಪ್ಪಾ, ಇಂಗ್ ಮ್ಯಾಲಕ್ ಬುಟ್ರೆ ಕೂಳೆ ಯಂಗ್ ಬತ್ತದೆ?' ಮೇಸ್ತ್ರಿ ಹೂಂ ಯಜಮಾನ್ರೆ ಅಂದ, ನಾಲ್ಕು ಸಾಲು ನೆಲ ಸೇರಿಸಿ ಕಡಿದ್ರು, ಅಪ್ಪ ಈ ಕಡೆ ತಿರುಗಿದ ಮೇಲೆ ಮತ್ತೆ ಮೋಟು ಏರ್ತಾ ಹೋಯ್ತು.

ಕಬ್ಬಿನ ಕಡೆಯವರಿಗೆ ಇದನ್ನ ಹೇಳೋದು ಬೇಡ, ಉಳಿದವರಿಗೆ ಒಂದೆರಡು ಮಾತು. ಕಬ್ಬು ಒಂದ್ಸಲ ನೆಟ್ಟರೆ ಒಂದೇ ಬೆಳೆ ಅಲ್ಲ. ಕಡಿದ ಬುಡದಿಂದಲೇ ಮತ್ತೆ ಚಿಗುರುತ್ತೆ, ಅದೇ ಕೂಳೆ ಬೆಳೆ. ಬಿತ್ತನೆ ಕಬ್ಬಿನ ಖರ್ಚಿಲ್ಲ, ಉಳುಮೆ ಖರ್ಚಿಲ್ಲ, ರೈತನಿಗೆ ನಾಲ್ಕು ಕಾಸು ಉಳಿಯೋದು ಹೆಚ್ಚಾಗಿ ಅದ್ರಲ್ಲೇ. ಆದ್ರೆ ನೆಲ ಸೇರಿಸಿ ಕಡಿದ್ರೆ ಮಣ್ಣಿನ ಒಳಗಿನ ಕಣ್ಣು ಒಡೆದು ಗಟ್ಟಿಯಾಗಿ ಬೇರು ಬಿಡ್ತಾವೆ. ಮೋಟು ಬಿಟ್ರೆ ಮೇಲಿನ ಗಿಣ್ಣಿನ ಕಣ್ಣು ಚಿಗುರಿ ಪೀಚಲು ಪೀಚಲಾಗಿ ಬರುತ್ತೆ, ಗಾಳಿಗೆ ಬೀಳುತ್ತೆ. ಆಮೇಲೆ ನಾವೇ ಆಳು ಹಾಕಿ ಕೂಳೆ ಸವರಬೇಕು, ಅದಕ್ಕೊಂದು ಕೂಲಿ. ಬುಡದಲ್ಲೇ ಸಕ್ಕರೆ ಜಾಸ್ತಿ, ಆ ನಷ್ಟ ಬೇರೆ.

ಯಾಕಪ್ಪ ಅವರು ಹಂಗ್ ಮಾಡ್ತಾರೆ ಅಂತ ಕೇಳಿದೆ. ಅಪ್ಪ ಬೈಲಿಲ್ಲ. 'ಬೆಳಗಿಂದ ಬಗ್ಗಿ ನೋಡು ಸೊಂಟ ಗೊತ್ತಾಯ್ತದೆ' ಅಂದ. ಆಮೇಲೆ ಬೀಡಿ ಹಚ್ಕೊಂಡು ಹೇಳಿದ, 'ಅವ್ರುದು ಟನ್ ಲೆಕ್ಕ ಕಣ್ಲಾ, ನಮ್ದು ಎಕ್ರೆ ಲೆಕ್ಕ. ಕೂಳೆ ಉಟ್ಟೋ ವೊತ್ಗೆ ಅವ್ರು ಇನ್ಯಾವ್ ಊರಲ್ಲಿರ್ತಾರೋ.'

ಅವತ್ತು ಆ ಮಾತು ನನಗೆ ತಾಗಲೇ ಇಲ್ಲ. ನಾನು ಮೇಲ್‌ಗೆ ಸೆಂಡ್ ಒತ್ತಿ ಲ್ಯಾಪ್‌ಟಾಪ್ ಮುಚ್ಚಿದೆ.

31ನೇ ತಾರೀಕಿನ ನೈಟ್ ಶಿಫ್ಟು

ಈಗ ನಾನಿರೋ ಕಂಪನಿ ಫ್ಯಾಕ್ಟ್ರಿಗಳಿಗೆ ಅಟೆಂಡೆನ್ಸ್ ಸಾಫ್ಟ್‌ವೇರ್ ಮಾಡುತ್ತೆ. ಬೆರಳು ಒತ್ತಿದ್ದು, ಕಾರ್ಡ್ ತೋರಿಸಿದ್ದು, ಎಷ್ಟು ಗಂಟೆ, ಎಷ್ಟು ಓಟಿ (ಓವರ್‌ಟೈಮ್) ಅನ್ನೋದು. ಇಲ್ಲಿಗೆ ಸೇರೋ ಮುಂಚೆ ಇದೇ ಕಂಪನಿಗೆ ಮೂರ್ನಾಲ್ಕು ಸಲ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡಿಕೊಟ್ಟಿದ್ದೆ, ಅದಕ್ಕೇ ಕರೆದಿದ್ದು. ಹತ್ತು ತಿಂಗಳಲ್ಲಿ ನನಗೆ ಇಷ್ಟ ಆಗದ್ದು ಬಹಳ ಇದೆ. ಬೆಳಿಗ್ಗೆ ಒಂಬತ್ತೂವರೆ ಮೀಟಿಂಗು, ಅದ್ರಲ್ಲಿ ನಿನ್ನೆ ಏನು ಮಾಡಿದೆ ಅಂತ ಒಪ್ಪಿಸೋದು. ಸೆಲ್ಫ್ ಅಪ್ರೈಸಲ್ ಅಂತ ಒಂದು ಫಾರ್ಮು, ನನ್ನ ಬಗ್ಗೆ ನಾನೇ ಹೊಗಳಿಕೊಂಡು ಬರೆದು ನಾನೇ ಐದಕ್ಕೆ ನಾಲ್ಕು ಕೊಟ್ಕೊಳ್ಳೋದು, ನಮ್ಮ ಕಡೆ ಮದುವೆ ಬ್ರೋಕರ್‌ಗಳೂ ಇಷ್ಟು ನಾಚಿಕೆ ಬಿಡಲ್ಲ. ಮಂಗಳವಾರ ಮಧ್ಯಾಹ್ನ ಊರಿಗೆ ಹೋಗಿ ಬರ್ತೀನಿ ಅಂತ ಗಾಡಿ ಹತ್ತಕ್ಕಾಗಲ್ಲ. ರಜೆ ಹಾಕಿದ್ರೂ ಸಂಬಳ ಬರುತ್ತೆ ಅನ್ನೋದು ಮಾತ್ರ ಇವತ್ತಿಗೂ ನಂಬಕ್ಕಾಗಿಲ್ಲ. ಮೊದಲನೇ ಸಲ ರಜೆ ಹಾಕಿ ಅವ್ವನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದಾಗ ವೇಟಿಂಗ್ ರೂಮಲ್ಲಿ ಕೂತು ಅಭ್ಯಾಸಕ್ಕೆ ಲೆಕ್ಕ ಹಾಕ್ತಿದ್ದೆ, ಮೂರು ಗಂಟೆ, 3600 ಹೋಯ್ತು ಅಂತ. ಆಮೇಲೆ ನೆನಪಾಯ್ತು, ಮೀಟರ್ ಇಲ್ಲ ಈಗ.

ಫೆಬ್ರವರಿ ಮೊದಲ ವಾರ ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟ್ರಿಯಿಂದ ಕಂಪ್ಲೇಂಟ್ ಬಂತು. ಒಬ್ಬ ಆಪರೇಟರು ಜನವರಿ 31ರ ರಾತ್ರಿ ಹತ್ತಕ್ಕೆ ಒಳಗೆ ಹೋಗಿದ್ದಾನೆ, ಬೆಳಿಗ್ಗೆ ಆರಕ್ಕೆ ಬರಬೇಕಾದ ರಿಲೀವರ್ ಬಂದಿಲ್ಲ, ಇವನೇ ಹತ್ತು ಗಂಟೆವರೆಗೆ ನಿಂತಿದ್ದಾನೆ. ಹನ್ನೆರಡು ಗಂಟೆ ಕೆಲಸ. ಸ್ಲಿಪ್‌ನಲ್ಲಿ ಓಟಿ ಸೊನ್ನೆ. ಬೇರೆ ದಿನಗಳಲ್ಲಿ ಎಲ್ಲ ಸರಿ ಬರುತ್ತೆ, ತಿಂಗಳ ಕೊನೆಯ ರಾತ್ರಿ ಮಾತ್ರ ತಪ್ಪುತ್ತೆ.

ಕೋಡ್ ತೆಗೆದು ನೋಡಿದೆ. ತಿಂಗಳ ಲೆಕ್ಕ ಕ್ಲೋಸ್ ಮಾಡುವಾಗ 31ನೇ ತಾರೀಕು ರಾತ್ರಿ 11:59ಕ್ಕೆ ಗೆರೆ ಎಳೆದುಬಿಟ್ಟಿದ್ದಾರೆ. ಹಂಗಾಗಿ ಆ ತಿಂಗಳಲ್ಲಿ ಒಳಗೆ ಹೋದ ಪಂಚ್ ಮಾತ್ರ ಇದೆ, ಆಚೆ ಬಂದಿದ್ದು ಇಲ್ಲ. ಮುಂದಿನ ತಿಂಗಳಲ್ಲಿ ಆಚೆ ಬಂದಿದ್ದು ಮಾತ್ರ ಇದೆ, ಒಳಗೆ ಹೋಗಿದ್ದು ಇಲ್ಲ. ಎರಡೂ ಕಡೆ 'ಮಿಸ್ ಪಂಚ್' ಅಂತ ತೋರಿಸಿ ಹನ್ನೆರಡು ಗಂಟೆ ಪೂರ್ತಿ ಮಾಯ. ಯಾವ ಪುಣ್ಯಾತ್ಮ ಬರೆದಿದ್ದಾನೆ ಇದನ್ನ ಅಂತ ಬೈಕೊಂಡು ಗಿಟ್ ಬ್ಲೇಮ್ ಹಾಕಿದೆ, ಕೋಡಿನ ಯಾವ ಸಾಲು ಯಾರು ಬರೆದದ್ದು ಅಂತ ತೋರಿಸೋ ಕಮಾಂಡ್ ಅದು. ನನ್ನದೇ ಹಳೇ ಜಿಮೇಲ್ ಐಡಿ. ಮೂರು ವರ್ಷದ ಹಿಂದಿನದು. ಮೇಲೆ ಒಂದು ಸಾಲು ಕಾಮೆಂಟ್ ಬೇರೆ, 'ಟೂಡೂ: ಮಂತ್ ಎಂಡ್ ನೈಟ್ ಶಿಫ್ಟ್, ಹ್ಯಾಂಡಲ್ ಲೇಟರ್.' (ತಿಂಗಳ ಕೊನೆಯ ನೈಟ್ ಶಿಫ್ಟು ಬಾಕಿ ಇದೆ, ಆಮೇಲೆ ನೋಡ್ಕೊಳ್ಳೋಣ ಅಂತ.)

ಅಂದ್ರೆ ನನಗೆ ಗೊತ್ತಿತ್ತು. ಇದು ಕಣ್ತಪ್ಪಿ ಆಗಿದ್ದಲ್ಲ. ಮಧ್ಯರಾತ್ರಿ ದಾಟೋ ಶಿಫ್ಟಲ್ಲಿ ಹನ್ನೆರಡರ ಮೇಲಿನ ಗಂಟೆಗಳನ್ನ ಹಿಂದಿನ ದಿನಕ್ಕೇ ಸೇರಿಸಬೇಕು ಅಂತ ಆಗ ಇದ್ದ 1948ರ ಫ್ಯಾಕ್ಟ್ರಿ ಕಾಯ್ದೆಯ 57ನೇ ಸೆಕ್ಷನ್ನಲ್ಲೇ ಇತ್ತು, ಅದನ್ನ ಓದಿಯೇ ಮಿಕ್ಕ ದಿನಗಳಿಗೆ ಸರಿಯಾಗಿ ಬರೆದಿದ್ದೆ. ತಿಂಗಳ ಕೊನೇದಕ್ಕೆ ಇನ್ನೂ ಎರಡು ದಿನ ಬೇಕಿತ್ತು. ಬಜೆಟ್ ಮುಗೀತು ಅಂದಿದ್ರು. ಅದು ನಿಜ. ಆದ್ರೆ ಇನ್ನೂ ಒಂದು ಕೇಸ್ ಬಾಕಿ ಇದೆ, ಅದು ಬಿಟ್ರೆ ಜನರ ದುಡ್ಡು ಹೋಗುತ್ತೆ ಅಂತ ನಾನು ಬಾಯಿಬಿಟ್ಟು ಹೇಳಲೂ ಇಲ್ಲ. ಹೇಳಿದ್ರೆ 'ಹಂಗಾರೆ ಅದೇ ದುಡ್ಡಲ್ಲಿ ಮುಗಿಸಿಕೊಡಿ' ಅಂತಾರೆ ಅನ್ನೋ ಭಯ. ಹ್ಯಾಂಡೋವರ್ ಡಾಕ್ಯುಮೆಂಟ್‌ನಲ್ಲಿ ಅದನ್ನ ಒಂಬತ್ತನೇ ಪಾಯಿಂಟ್ ಮಾಡಿ ಯಾರೂ ಓದದ ಜಾಗದಲ್ಲಿ ಬರೆದು ಕೈ ತೊಳ್ಕೊಂಡಿದ್ದೆ. ಆ ಇನ್‌ವಾಯ್ಸ್ ಇನ್ನೂ ಫೋಲ್ಡರ್‌ನಲ್ಲಿದೆ, 26 ಗಂಟೆ, 31,200 ರೂಪಾಯಿ. ಅದು ಮಾತ್ರ ಹತ್ತೇ ದಿನಕ್ಕೆ ಪೇಮೆಂಟ್ ಆಗಿತ್ತು.

ಮೋಟು ನೆನಪಾಯ್ತು ಅಂತ ಬೇರೆ ಹೇಳ್ಬೇಕಾ.

ನಂಜನಗೂಡಿಗೆ ನಾನೇ ಹೋದೆ. ಸಪೋರ್ಟ್ ಟೀಮ್ ಹುಡುಗ್ರು ಹೋಗ್ತೀವಿ ಅಂದ್ರು, ಬೇಡ ಅಂದೆ. ಟೈಮ್ ಆಫೀಸ್ ಅಂದ್ರೆ ಗೇಟ್ ಪಕ್ಕ ಒಂದು ಸಣ್ಣ ರೂಮು, ಗೋಡೆ ಮೇಲೆ ಶ್ರೀಕಂಠೇಶ್ವರನ ಕ್ಯಾಲೆಂಡರ್, ಕೆಳಗೆ ಒಂದು ಹಳೇ ಪ್ರಿಂಟರ್. ಅಲ್ಲಿನ ಕ್ಲರ್ಕು ಐವತ್ತು ದಾಟಿದವರು, ಶರ್ಟ್ ಜೇಬಲ್ಲಿ ಎರಡು ಪೆನ್ನು. ನಾನು ಯಾರು ಅಂತ ಹೇಳ್ಕೊಂಡು ಸಮಸ್ಯೆ ವಿವರಿಸೋಕೆ ಶುರು ಮಾಡಿದ್ರೆ ಅವರು ಕೈ ಅಡ್ಡ ಮಾಡಿ, 'ಗೊತ್ತು ಸಾರ್, ನಿಮ್ ಸಾಫ್ಟ್‌ವೇರು ಮಂತ್ ಎಂಡಲ್ಲಿ ಸ್ವಲ್ಪ ಹಂಗೇ, ನಾವು ಅಡ್ಜಸ್ಟ್ ಮಾಡ್ಕೋತೀವಿ, ಈ ಸಲ ನಾನು ಮಗಳ ಮದುವೆಗೆ ರಜೆ ಇದ್ದೆ ನೋಡಿ, ಅದಕ್ಕೇ ತಪ್ಪಿಹೋಯ್ತು' ಅಂದ್ರು. ಡ್ರಾಯರ್‌ನಿಂದ ಒಂದು 200 ಪೇಜಿನ ಲಾಂಗ್ ನೋಟ್‌ಬುಕ್ ತೆಗೆದ್ರು. ಬ್ರೌನ್ ಪೇಪರ್ ಬೈಂಡ್ ಹಾಕಿದ್ರು, ಮೇಲೆ ಅರಿಶಿನ ಕುಂಕುಮ. ಒಳಗೆ ಪ್ರತಿ ತಿಂಗಳ ಕೊನೆಯ ರಾತ್ರಿಯದ್ದೂ ಸ್ಕೇಲ್ ಇಟ್ಟು ಗೆರೆ ಎಳೆದು ಹೆಸರು, ಟೋಕನ್ ನಂಬರ್, ಇನ್, ಔಟ್, ಓಟಿ. ಮೂರು ವರ್ಷದ್ದು. ನಾನು ಎರಡು ದಿನ ಉಳಿಸ್ಕೊಂಡಿದ್ದೆ, ಇವರು 36 ರಾತ್ರಿ ಬರೆದಿದ್ರು. ಕಂಪ್ಲೇಂಟ್ ಯಾಕೆ ಮಾಡ್ಲಿಲ್ಲ ಸಾರ್ ಅಂದ್ರೆ, 'ಮೊದಲ್ನೇ ವರ್ಷ ಮಾಡಿದ್ವಿ, ಬರೆದೋರು ಬಿಟ್ಟೋಗಿದ್ದಾರೆ ಅಂದ್ರು' ಅಂದ್ರು.

ಬರೆದವನು ನಾನೇ ಅಂತ ಹೇಳೋದಕ್ಕೆ ಟೀ ಬರೋವರೆಗೂ ಟೈಮ್ ತಗೊಂಡೆ. ಹೇಳಿದೆ. ಅವರು ಗ್ಲಾಸ್ ಕೆಳಗಿಟ್ಟು 'ಓಹೋ' ಅಂದ್ರು, ಅಷ್ಟೇ, ಆಮೇಲೆ ಬಿಸ್ಕತ್ ಪ್ಲೇಟು ನನ್ನ ಕಡೆ ತಳ್ಳಿದ್ರು.

ಇದನ್ನ ಓದಿ ಫ್ರೀಲ್ಯಾನ್ಸ್ ಮಾಡೋರೆಲ್ಲ ಮೋಟು ಬಿಡೋರು ಅಂತ ಯಾರೂ ಅರ್ಥ ಮಾಡ್ಕೋಬೇಡಿ. ಗೋಕುಲಂನಲ್ಲಿ ನನ್ನ ಸ್ನೇಹಿತನೊಬ್ಬ ಇದ್ದಾನೆ, ಮುಗಿಸಿಕೊಟ್ಟ ಕೆಲಸಕ್ಕೆ ಆರು ತಿಂಗಳ ಮೇಲೂ ಫೋನ್ ಮಾಡಿ 'ಸರಿ ಓಡ್ತಿದ್ಯಾ' ಅಂತ ಕೇಳ್ತಾನೆ. ಅವನಿಗೆ ಬಾಕಿ ಉಳಿಸೋರೂ ಕಮ್ಮಿ, ಸುಮ್ನೆ ಹೇಳ್ದೆ. ಇನ್ನು ಪರ್ಮನೆಂಟ್ ಆದವರೆಲ್ಲ ನೆಲ ಸೇರಿಸಿ ಕಡೀತಾರೆ ಅನ್ನೋದೂ ಸುಳ್ಳು, ನಮ್ಮ ಆಫೀಸಲ್ಲೇ 'ಅದು ನನ್ನ ಮಾಡ್ಯೂಲ್ ಅಲ್ಲ' ಅಂತ ಕೈ ಎತ್ತೋ ಹಿರಿಯರಿದ್ದಾರೆ. ನನ್ನ ವಿಷಯ ಮಾತ್ರ ನಾನು ಹೇಳ್ತಿರೋದು. ಗಂಟೆ ಲೆಕ್ಕದಲ್ಲಿ ಏಳು ವರ್ಷ ಇದ್ದು ಇದ್ದು ನನಗೆ ಬಗ್ಗೋದು ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋ ಲೆಕ್ಕ ಚೆನ್ನಾಗಿ ಬಂದುಬಿಟ್ಟಿತ್ತು. ಆ 26ಎಎಸ್ ಹಾಳೆಯಲ್ಲಿನ ಉಳಿದ 30 ಹೆಸರುಗಳ ಹತ್ರ ಇನ್ನೆಷ್ಟು 'ಹ್ಯಾಂಡಲ್ ಲೇಟರ್' ಬಿಟ್ಟು ಬಂದಿದ್ದೀನೋ, ರಾತ್ರಿ ನಿದ್ದೆ ಬರದಿದ್ದಾಗ ಒಂದೊಂದೇ ನೆನಪಾಗುತ್ತೆ. ಎರಡು ಕಡೆಗೆ ಫೋನ್ ಮಾಡಿ ಹೇಳಿದೆ ಕೂಡ. ಒಬ್ಬರು ಥ್ಯಾಂಕ್ಸ್ ಅಂದ್ರು. ಇನ್ನೊಬ್ಬರು ನಾನು ಹಳೇ ಬಾಕಿ ಕೇಳಕ್ಕೆ ಮಾಡಿದ್ದೀನಿ ಅಂದ್ಕೊಂಡು ಮೀಟಿಂಗಲ್ಲಿದ್ದೀನಿ ಅಂತ ಕಟ್ ಮಾಡಿದ್ರು. (1 ಲಕ್ಷದ 40 ಸಾವಿರದವರು ಅವರೇ.)

ಕೋಡ್ ಸರಿ ಮಾಡಕ್ಕೆ ಹಿಡಿದಿದ್ದು ಎರಡು ದಿನವೇ, ಆವಾಗ ಅಂದಾಜು ಮಾಡಿದ್ದು ಕರೆಕ್ಟಾಗಿತ್ತು. ಹಳೇ ಪಂಚ್ ಎಲ್ಲ ಮತ್ತೆ ಓಡಿಸಿ ನೋಟ್‌ಬುಕ್ಕಿಗೂ ಸಿಗದೆ ಬಿಟ್ಟುಹೋದ ಓಟಿಗಳ ಪಟ್ಟಿ ಕೊಟ್ಟಿದ್ದೀವಿ, ಅರಿಯರ್ಸ್ ವಿಷಯ ಅವರ ಮ್ಯಾನೇಜ್‌ಮೆಂಟ್ ಟೇಬಲ್ ಮೇಲಿದೆ. ಫೆಬ್ರವರಿ 28ರ ರಾತ್ರಿ ಹೊಸದು ಮೊದಲನೇ ಸಲ ಓಡ್ತು. ಮಾರ್ಚ್ 1 ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಸ್ಕೂಟರ್‌ನಲ್ಲಿ ನಂಜನಗೂಡಿಗೆ ಹೋದೆ, ಹೆಂಡ್ತಿ 'ಇದಕ್ಕೂ ಬಿಲ್ ಇದ್ಯಾ' ಅಂತ ರೇಗಿಸಿದ್ಲು. ಕ್ಲರ್ಕ್ ಸಾಹೇಬ್ರು ಬಂದಿದ್ರು, ನೋಟ್‌ಬುಕ್ಕಲ್ಲಿ ಆ ರಾತ್ರಿಯದ್ದೂ ಬರೆದು ಇಟ್ಟಿದ್ರು. ಇನ್ಮೇಲೆ ಬೇಡ ಸಾರ್ ಇದು ಅಂದೆ. 'ಇರ್ಲಿ ಬಿಡಿ, ಒಂದ್ ಆರ್ ತಿಂಗ್ಳು ಎರಡೂ ನಡೀಲಿ' ಅಂದ್ರು.

ಇಬ್ಬರೂ ಕೂತು ಸ್ಕ್ರೀನಿಗೂ ನೋಟ್‌ಬುಕ್ಕಿಗೂ ತಾಳೆ ಹಾಕಿದ್ವಿ. ಹನ್ನೊಂದು ಜನ. ಹತ್ತು ಸರಿ ಬಂತು. ಹನ್ನೊಂದನೇದು ನನ್ನ ಲೆಕ್ಕದಲ್ಲಿ ಔಟ್ 6:30, ಅವರ ಕೈಬರಹದಲ್ಲಿ ಅದು 6 ಅಂತಾನೂ ಓದಬಹುದು 8 ಅಂತಾನೂ ಓದಬಹುದು, ಅವರಿಗೇ ಡೌಟು. ಆ ಹುಡುಗ ಅವತ್ತು ಡಬಲ್ ಶಿಫ್ಟಿಗೆ ಮತ್ತೆ ಬಂದಿದ್ದ, ಒಳಗಿಂದ ಕರೆಸಿದ್ರು. ಕಾಟನ್ ವೇಸ್ಟ್‌ನಲ್ಲಿ ಕೈ ಒರೆಸ್ಕೊಳ್ತಾ ಬಂದ. ಎಷ್ಟೊತ್ತಿಗಪ್ಪ ಆಚೆ ಹೋಗಿದ್ದು ಬೆಳಿಗ್ಗೆ, ಆರೂವರೆಗಾ ಎಂಟೂವರೆಗಾ ಅಂತ ಕ್ಲರ್ಕ್ ಕೇಳಿದ್ರು. ಹುಡುಗ ನನ್ನನ್ನ ಒಂದ್ಸಲ ನೋಡಿದ, ಅವರನ್ನ ಒಂದ್ಸಲ ನೋಡಿದ, 'ಆರೂವರೆಗೇ ಸಾರ್, ಎಂಟೂವರೆ ಅಂತ ಬರ್ಕೊಂಡ್ರೂ ನಂದೇನ್ ತಕರಾರಿಲ್ಲ' ಅಂದ.